ಹಗ್ಗದ ಲೆಕ್ಕ

ಈ ಲೆಕ್ಕದ ಪುಸ್ತಕ ನನ್ನ ಕೈಗೆ ಬಂದಾಗ
ಇದರ ಬೆನ್ನು ಮುರಿದಿತ್ತು.
ಮೊದಲ ಪುಟದಲ್ಲಿ ಐಲಿ ಸಾರಿಕ್ಕೊ, ಪೆನ್ಸಿಲಿನಲ್ಲಿ:
ಹಗ್ಗ, ಸಾವಿರದಿನ್ನೂರು ಅಡಿ. ಗಣಿಯವರು ಕೊಟ್ಟದ್ದು.
ಅದರ ಕೆಳಗೆ ಬೇರೆ ಕೈಬರಹ:
ಕೊಟ್ಟದ್ದಲ್ಲ.

ಯಾರೂ ಅದನ್ನು ಹೊಡೆದುಹಾಕಿಲ್ಲ.

ಗುಡ್ಡ ಐಲಿಯ ಗಂಡ ವಿಲ್ಹೊನದು.
ಬೇಸಿಗೆಯಲ್ಲಿ ಹದಿನೇಳು ಹಸು ಮೇಯುತ್ತಿದ್ದವು.
ಎತ್ತರ ಹೇಳಿಕೊಳ್ಳುವಂಥದ್ದಲ್ಲ,
ತುದಿಯಿಂದ ಕೂಗಿದರೆ ಬುಡದ ನಾಯಿ ತಲೆಯೆತ್ತುತ್ತಿತ್ತು.
ಆದರೆ ಮಿಷಿಗನ್ನಿನ ಈ ಬಡಗಣ ಮೂಲೆಗೆ
ಸರೋವರದ ಗಾಳಿ ನವೆಂಬರಿನಿಂದ ಏಪ್ರಿಲ್‌ವರೆಗೆ
ಹಿಮ ತಂದು ಸುರಿಯುತ್ತಿತ್ತು, ಹಳೆ ಸಾಲ ತೀರಿಸುವವನ ಹಾಗೆ,
ಬಡ್ಡಿ ಸಮೇತ.

ಎಂಜಿನ್ನು ಟ್ರೆಗೇರನದು. ಟ್ರೆಗೇರ್ ಊರಿನ ಹೆಣ ಹೂಳುವವ.
ಹೊಸ ಗಾಡಿ ಕೊಂಡ ವರ್ಷ ಹಳೆಯದರ ಹೊಟ್ಟೆ ಬಿಚ್ಚಿ
ಎಂಜಿನ್ನು, ಹಿಂದಿನ ಅಚ್ಚು, ಟೈರಿಲ್ಲದ ಒಂದು ಚಕ್ರ
ತಗಡಿನ ಗೂಡಿನಲ್ಲಿ ತಂದು ಕೂರಿಸಿದ.
ಚಕ್ರಕ್ಕೆ ಹಗ್ಗ ಸುತ್ತಿದರು.
"ನಿಮ್ಮ ತಾತಂದಿರನ್ನು ಮೆಲ್ಲಗೆ ಒಯ್ದದ್ದು ಇದು,
ನಿಮ್ಮನ್ನು ಜೋರಾಗಿ ಎಳೆಯಲಿ" ಅಂದನಂತೆ.
ಪಾದ್ರಿ ನಗಲಿಲ್ಲ.
ಮರುವಾರ ಸ್ಕೀ ಹೆಗಲಿಗೇರಿಸಿ ಸಾಲಿನಲ್ಲಿ ನಿಂತಿದ್ದ.

ನನಗಾಗ ಆರು. ಅಮ್ಮ ಹೇಳಿಕೊಟ್ಟಳು:
ಹಗ್ಗ ಓಡುತ್ತಲೇ ಇರುತ್ತದೆ, ಒಮ್ಮೆಲೇ ಹಿಡಿಯಬೇಡ.
ಮೊದಲು ಅಂಗೈಯಲ್ಲಿ ಜಾರಲು ಬಿಡು,
ಆಮೇಲೆ ಬಿಗಿ, ಇನ್ನೂ ಬಿಗಿ,
ಅದರ ವೇಗ ನಿನ್ನದಾಗುವ ತನಕ.
ಒಮ್ಮೆಲೇ ಹಿಡಿದೆ.
ನನ್ನ ಮುಂದಿನ ಹಲ್ಲೊಂದು ಇವತ್ತಿಗೂ ಆ ಗುಡ್ಡದಲ್ಲಿದೆ.

ಕೈಗವಸಿನ ಲೆಕ್ಕ ಪುಟಗಟ್ಟಲೆ.
ಚರ್ಮದ್ದು, ಮಗುವಿಗೆ ಚಳಿಗಾಲಕ್ಕೆ ಎರಡು ಜೊತೆ;
ಹಗ್ಗ ತಿಂದುಹಾಕುತ್ತಿತ್ತು.
ಮೂರನೆಯದಕ್ಕೆ ದುಡ್ಡಿಲ್ಲದವರು
ಅಪ್ಪನ ಹಳೆ ಬೂಟಿನ ನಾಲಗೆ ಕತ್ತರಿಸಿ
ಅಂಗೈಗೆ ಹೊಲಿದುಕೊಂಡರು.

ಅರವತ್ತೇಳರಲ್ಲಿ ಗಣಿ ಮುಚ್ಚಿತು.
ಆ ತಿಂಗಳ ಪುಟದಲ್ಲಿ ಐಲಿ ಒಂದೇ ಸಾಲು:
ಟಿಕೆಟ್ ಇಲ್ಲ, ಯಾರನ್ನೂ ಕೇಳಬೇಡಿ.
ಗಣಿಯಂಗಳದ ಆರು ದೀಪ ಗುಡ್ಡಕ್ಕೆ ಬಂದವು.
ಅವಕ್ಕೂ ರಸೀದಿ ಇಲ್ಲ.
ಪಾಳಿ ತಪ್ಪಿದರೂ ನಿದ್ದೆ ಬಾರದ ಗಂಡಸರು
ರಾತ್ರಿ ಹನ್ನೊಂದಕ್ಕೆ ಹಗ್ಗ ಹಿಡಿದರು.
ಮೂವತ್ತು ವರ್ಷ ಬರೀ ಕೆಳಗಿಳಿದು ಗೊತ್ತಿದ್ದವರು
ತುದಿಯಲ್ಲಿ ನಿಂತು ಊರು ನೋಡಿದರು,
ಯಾವ ಮನೆ ಯಾರದೆಂದು ಹೊಗೆಯಲ್ಲೇ ಗುರುತಿಸಿದರು.
ನನ್ನಪ್ಪ ಏನೂ ಹೇಳಲಿಲ್ಲ. ಮೂಗು ಸೀಟಿದ.
ಬಿದ್ದೂ ಎದ್ದೂ ಇಳಿದ. ಮತ್ತೆ ಸಾಲಿನಲ್ಲಿ ನಿಂತ.

ಆಮೇಲಿನದು ಬೇಗ ಹೇಳಬಹುದು.
ನಲವತ್ತು ಮೈಲಿ ಆಚೆ ಕುರ್ಚಿಯಲ್ಲಿ ಕೂರಿಸಿ ಮೇಲೇರಿಸುವ ಬೆಟ್ಟ.
ವಿಮೆಯವನೊಬ್ಬ ಬಂದು ಹಗ್ಗ ನೋಡಿ
ತುಂಬ ಹೊತ್ತು ಬರೆದುಕೊಂಡ.
ಎರಡು ವರ್ಷ ಪುಸ್ತಕದಲ್ಲಿ ಇಲಿಯ ಹಲ್ಲು ಬಿಟ್ಟರೆ ಏನಿಲ್ಲ.
ಆಮೇಲೆ ಟ್ರೆಗೇರನ ಮೊಮ್ಮಗಳು ಮೊರ್ವೆನ್ನಾ
ಕಾರ್ಬ್ಯುರೇಟರನ್ನು ಅಡಿಗೆಮನೆಯ ಮೇಜಿನ ಮೇಲೆ ಬಿಚ್ಚಿದಳು.
ವಾರಗಟ್ಟಲೆ ಆ ಮನೆಯವರು ನಿಂತೇ ಉಂಡರು.
ಎಂಜಿನ್ನು ಕೆಮ್ಮಿತು, ಉಗುಳಿತು, ಎದ್ದಿತು.
ಸಾವಿನ ಕಸುಬು ಮಾಡಿದ್ದಕ್ಕೋ ಏನೋ
ತಾನು ಸಾಯುವುದು ಅದಕ್ಕೆ ಬರುವುದಿಲ್ಲ.

ಹೋದ ಚಳಿಗಾಲದ ಪುಟ ನನ್ನದು.
ಹಿಮ: ಹನ್ನೊಂದು ದಿನ.
ಡಬ್ಬಿಯಲ್ಲಿ ಸಿಕ್ಕಿದ್ದು: ನೂರ ನಲವತ್ತು ಡಾಲರ್, ಒಂದು ಕೋಟಿನ ಗುಂಡಿ.
ಡಿಸೆಂಬರಿಡೀ ಹುಲ್ಲು ಕಾಣುತ್ತಿತ್ತು,
ಹಸುಗಳಿದ್ದರೆ ಮೇಯಬಹುದಿತ್ತು.
ಈ ಸಲಕ್ಕೆ ಗ್ರೀಸು ತಂದಿಟ್ಟಿದ್ದೇನೆ.

ಒಂದು ಮಾತು ಉಳಿಯಿತು.
ಮೊದಲ ಪುಟದ ಆ ಎರಡನೆಯ ಕೈಬರಹ,
ಬಲಕ್ಕೆ ವಾಲಿದ್ದು, ಸೀಸ ಒತ್ತಿ ಕಾಗದ ತೂತಾದದ್ದು,
ನನಗೆ ಗೊತ್ತು.
ಗಣಿಯ ಉಗ್ರಾಣದ ಬೀಗದ ಕೈ ಇದ್ದವನದು.
ನನ್ನ ಶಾಲೆಯ ಅಂಕಪಟ್ಟಿಗಳ ಮೇಲೆಲ್ಲ
ಅದೇ ಸಹಿ.